ಪಾರ್ವತಮ್ಮನ ಪಾಳು ಹೊಲ

ಸೊಂಟದ ಮಟ್ಟಕ್ಕೆ ಬೆಳೆದ ರಾಗಿಯ ನಡುವೆ ನಿಂತು, ಅಂಗಿಯ ತೋಳಿಗೆ ಅಂಟಿದ ಹುಚ್ಚೆಳ್ಳಿನ ಎಸಳು ಕೊಡವಿಕೊಳ್ಳುತ್ತಾ, ಗ್ರಾಮ ಆಡಳಿತಾಧಿಕಾರಿ ಚಂದ್ರಮೌಳಿ ತನ್ನ ಮೊಬೈಲನ್ನು ಮೂರು ಸಲ ನೋಡಿದ. ನಾಲ್ಕನೇ ಸಲ ನೋಡಿ ತಲೆಯೆತ್ತಿ, "ಇಲ್ಲಿ ಏನೂ ಬೆಳೆದಿಲ್ಲ ಪಾರ್ವತಮ್ಮ. ಪಾಳು ಅಂತ ತೋರಿಸ್ತಿದೆ" ಅಂದ.

ಪಾರ್ವತಮ್ಮ ಮೊದಲು ಅವನನ್ನು ನೋಡಿದಳು, ಆಮೇಲೆ ಸುತ್ತ ನೋಡಿದಳು. ರಾಗಿ ಇತ್ತು. ರಾಗಿಯ ಆರು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಲ್ಲಲ್ಲಿ ತಲೆಯೆತ್ತಿದ ಜೋಳ, ಬದುವಿನ ಉದ್ದಕ್ಕೂ ಹರಳು, ಎಲ್ಲವೂ ಇದ್ದವು.

"ಅಂಗಾದ್ರೆ ಈಗ ನೀವು ಯಾವುದ್ರೊಳಗೆ ನಿಂತಿದ್ದೀರಿ ಸಾ?"

"ನಾನು ಎಲ್ಲಿ ನಿಂತಿದೀನಿ ಅನ್ನೋದು ಮುಖ್ಯ ಅಲ್ಲಮ್ಮ. ಭೂಚಕ್ಷು ಏನು ಹೇಳುತ್ತೆ ಅನ್ನೋದು ಮುಖ್ಯ."

ಹಿಂದಿನ ಕಾಲದಲ್ಲಿ ಶಾನುಭೋಗರು ಮನೆಯ ಜಗಲಿಯಲ್ಲಿ ಕೂತು, ಹೊಲದ ಮುಖವನ್ನೇ ನೋಡದೆ ಪಹಣಿ ಬರೆಯುತ್ತಿದ್ದರು. ಇದು ಅನ್ಯಾಯ ಎಂದು ಎಲ್ಲರೂ ಬೈದು ಬೈದು, ಕೊನೆಗೆ ಭೂಚಕ್ಷು ಬಂತು. ಈಗ ಆಕಾಶದಲ್ಲಿ ಡ್ರೋನು ಹಾರುತ್ತದೆ, ಹಾಸನದ ಯಂತ್ರವೊಂದು ಅದರ ಚಿತ್ರ ನೋಡಿ ಯಾರ ಹೊಲದಲ್ಲಿ ಏನಿದೆ ಎಂದು ತೀರ್ಪು ಕೊಡುತ್ತದೆ, ಹೊಲದಲ್ಲೇ ನಿಂತ ಅಧಿಕಾರಿ ಅದನ್ನು ಓದಿ ಹೇಳುತ್ತಾನೆ. ಹಾರಾಟವಿಲ್ಲದ ದಿನ ಅಧಿಕಾರಿ ಮೊಬೈಲನ್ನು ಹೊಲಕ್ಕೆ ಹಿಡಿದರೂ ಯಂತ್ರ ಅಲ್ಲೇ ತೀರ್ಪು ಕೊಡುತ್ತದೆ. ಶಾನುಭೋಗರಿಗಾದರೆ ಒಂದು ಮೂಟೆ ಅವರೆಕಾಯಿ ಹೊತ್ತುಹಾಕಿ ತಿದ್ದಿಸಿಕೊಳ್ಳಬಹುದಿತ್ತು, ಯಂತ್ರಕ್ಕೆ ಹೊಟ್ಟೆಯೇ ಇಲ್ಲ. ಇದನ್ನು ಸುಧಾರಣೆ ಎನ್ನುತ್ತಾರೆ.

ಯಂತ್ರದ ಕಣ್ಣಿಗೆ ಒಂದು ಹೊಲವೆಂದರೆ ಒಂದು ಬೆಳೆ. ಅದನ್ನು ತಯಾರು ಮಾಡಿದವರು ತೋರಿಸಿದ ಚಿತ್ರಗಳೆಲ್ಲ ಹಾಗೇ ಇದ್ದವಂತೆ. ಒಂದೇ ಹೊಲದಲ್ಲಿ ಆರು ಬಗೆಯ ಎಲೆ ಕಂಡರೆ ಅದು ಕಳೆ, ಕಳೆ ಬೆಳೆದರೆ ಅದು ಪಾಳು. ಸತತ ಎರಡು ವರ್ಷ ಪಾಳು ಎಂದು ಬಿದ್ದ ಜಮೀನು ಸರ್ಕಾರದ ಭೂನಿಧಿಗೆ ಸೇರಬೇಕು, ಅಲ್ಲಿಂದ ಸೋಲಾರ್ ಕಂಪನಿಗೆ. ಪಾರ್ವತಮ್ಮನ ಒಂದೂವರೆ ಎಕರೆ ಹೋದ ವರ್ಷವೇ ಒಂದು ಸಲ ಪಾಳು ಬಿದ್ದಿತ್ತು. ವರ್ಷದ ಲೆಕ್ಕಕ್ಕೆ ಹಿಡಿಯುವುದು ಡ್ರೋನಿನ ಕೊನೆಯ ಹಾರಾಟವನ್ನೇ, ಈ ವರ್ಷದ್ದಕ್ಕೆ ಹದಿನೆಂಟು ದಿನ ಉಳಿದಿತ್ತು.

ಪಾರ್ವತಮ್ಮ ಹುಟ್ಟಿದ್ದು ಅರಕಲಗೂಡು ಸೀಮೆಯ ಮಲ್ಲಿಪಟ್ಟಣದ ಕಡೆ. ಅಪ್ಪ ಅಮ್ಮ ಇಬ್ಬರೂ ಕಂಡವರ ಹೊಲದಲ್ಲಿ ದುಡಿದವರು. ನುಗ್ಗೇಹಳ್ಳಿಯ ಹತ್ತಿರದ ಕೆಂಚನಕೊಪ್ಪಲಿನ ಮಂಚಯ್ಯನಿಗೆ ಸ್ವಂತ ಜಮೀನಿದೆ ಎಂಬ ಒಂದೇ ಮಾತಿಗೆ ಸೋತು ಮಗಳನ್ನು ಕೊಟ್ಟರು. ಮದುವೆಯಾದ ಮೂರನೇ ದಿನ ಬಂದು ನೋಡಿದರೆ, ಜಮೀನು ಇತ್ತು, ಮಣ್ಣು ಇರಲಿಲ್ಲ. ಯಾರಿಗೂ ಬೇಡವಾದ ಜಾಗ ಹುಡುಕಿ ಬಡವರಿಗೆ ಮಂಜೂರು ಮಾಡುವುದರಲ್ಲಿ ನಮ್ಮ ಸರ್ಕಾರಗಳದು ಎತ್ತಿದ ಕೈ. ಮಂಚಯ್ಯನ ಅಪ್ಪನಿಗೆ ಕೊಟ್ಟದ್ದು ಬರೀ ಕಲ್ಲು. ಅವನು ಅದನ್ನು ಒಮ್ಮೆ ನೋಡಿ ನಮಸ್ಕಾರ ಹಾಕಿ ಮತ್ತೆ ಕೂಲಿಗೆ ಹೋಗಿದ್ದ.

ಸೊಸೆ ನಮಸ್ಕಾರ ಹಾಕಲಿಲ್ಲ, ಸೆರಗು ಕಟ್ಟಿದಳು. ಏಳು ಬೇಸಿಗೆ ಕಲ್ಲು ಆಯ್ದಳು. ಆಯ್ದ ಕಲ್ಲು ಹೊಲದ ಮೂಲೆಯಲ್ಲಿ ಅವಳ ಮನೆಗಿಂತ ಎತ್ತರಕ್ಕೆ ಬೆಳೆಯಿತು. ಊರವರು ಅದನ್ನು ಈಗಲೂ ಪಾರ್ವತಮ್ಮನ ಗುಡ್ಡ ಎನ್ನುತ್ತಾರೆ. ಎಂಟನೇ ವರ್ಷ ರಾಗಿ ಬಿತ್ತಿದಳು.

ಅವಳ ಹೆಸರು ನಾಲ್ಕೂರಿಗೆ ಗೊತ್ತಾದದ್ದು ಅಕ್ಕಡಿ ಸಾಲಿನಿಂದ. ಗಂಡಸರು ಕೂರಿಗೆ ಹೂಡಿ ರಾಗಿ ಬಿತ್ತುತ್ತಾ ಮುಂದೆ ಹೋದರೆ, ಹಿಂದೆ ಒಬ್ಬಳು ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ ಬೆರೆಸಿಟ್ಟುಕೊಂಡು ಲೆಕ್ಕವಾಗಿ ಬಿಡುತ್ತಾ ನಡೆಯಬೇಕು. ಮಳೆ ಕೈಕೊಟ್ಟು ರಾಗಿ ಒಣಗಿದರೂ ತೊಗರಿ ನಿಲ್ಲುತ್ತದೆ, ತೊಗರಿಗೆ ಹುಳ ಬಿದ್ದರೂ ಅವರೆ ಉಳಿಯುತ್ತದೆ. ಯಾವ ಮಳೆಗೆ ಯಾವುದು ಎಷ್ಟು ಹಿಡಿ ಎಂಬುದು ಪಾರ್ವತಮ್ಮನ ಬೆರಳಿಗೆ ಗೊತ್ತಿತ್ತು. ಒಳಗೆ ಕರೆದು ಒಂದು ಲೋಟ ನೀರು ಕೊಡದ ಮನೆಯವರೂ ಬಿತ್ತನೆಯ ದಿನ ಮಾತ್ರ ಬೆಳಗಾಗುವ ಮೊದಲೇ ಅವಳ ಬಾಗಿಲಿಗೆ ಬರುತ್ತಿದ್ದರು. ಕೈಗುಣ ಒಳ್ಳೆಯದಂತೆ! ಅದೇ ಕೈಯಿಂದ ನೀರು ಕುಡಿಯುವುದಕ್ಕೆ ಮಾತ್ರ ಗುಣ ಸಾಲುತ್ತಿರಲಿಲ್ಲ.

ಇನ್ನು ಗಂಡ ಮಂಚಯ್ಯ. ಒಳ್ಳೆಯವನು, ಪಾಪ, ಮೊಬೈಲು ಬರುವ ತನಕ ಚೆನ್ನಾಗಿಯೇ ಇದ್ದ. ಮಳೆ ಸುರಿಯುತ್ತಿದೆ ಎಂದು ಮೊಬೈಲು ಹೇಳಿದ ದಿನ ಸುಡುಬಿಸಿಲಿನಲ್ಲಿ ಕೊಡೆ ಹಿಡಿದು ನುಗ್ಗೇಹಳ್ಳಿಗೆ ಹೋಗಿಬಂದ ಮನುಷ್ಯ ಅವನು. ಚಂದ್ರಮೌಳಿ ಅತ್ತ ಹೋದದ್ದೇ ತಡ, ಇವನು ಬೆಳೆಯ ನಡುವೆ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತ.

"ಅಷ್ಟು ದೊಡ್ ಮಿಸೀನು ಸುಳ್ಳು ಯೋಳ್ತದಾ ಕಣಮ್ಮಿ? ನಾವೇ ಸರ್ಯಾಗಿ ಬೆಳ್ದಿಲ್ವೇನೋ."

"ಥೂ ನಿನ್ನ! ರಾತ್ರಿ ಉಂಡ ಮುದ್ದೆ ಯಾವ್ ಪಾಳು ಹೊಲದ್ದು ಕಣಯ್ಯ? ಅದ್ನೂ ಮೊಬೈಲ್ನಾಗೇ ಬೇಯ್ಸಿದ್ನಾ ನಾನು?"

ಮಾರನೆಯ ದಿನ ಪಾರ್ವತಮ್ಮ ಒಂದು ಹಿಡಿ ರಾಗಿಯನ್ನು ಬೇರುಸಹಿತ ಕಿತ್ತು, ಅದಕ್ಕೆ ಸುತ್ತಿಕೊಂಡಿದ್ದ ಅವರೆಬಳ್ಳಿಯನ್ನೂ ಬಿಡಿಸದೆ ಪಂಚೆಯಲ್ಲಿ ಸುತ್ತಿಕೊಂಡು ಹಾಸನದ ಬಸ್ಸು ಹತ್ತಿದಳು. ಭೂಚಕ್ಷು ಕೇಂದ್ರವೆಂದರೆ ಗಾಜಿನ ಕೋಣೆ, ಒಳಗೆ ಮೈ ಕೊರೆಯುವ ತಂಪು, ಬಾಗಿಲಲ್ಲಿ ಒಬ್ಬ ಕಾವಲಿನವನು, ಗೋಡೆಯಲ್ಲಿ ಒಂದು ಪರದೆ. ಪರದೆಯಲ್ಲಿ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಹೆಂಗಸೊಬ್ಬಳು ನಗುತ್ತಿದ್ದಳು.

"ನಮಸ್ಕಾರ. ತಮ್ಮ ಸಮಸ್ಯೆಯನ್ನು ತಿಳಿಸಿ."

"ಸಮಸ್ಯೆ ನಂದಲ್ಲ ಕಣವ್ವ, ನಿಮ್ದು. ನೋಡು ಇದ್ನ." ಪಾರ್ವತಮ್ಮ ಪಂಚೆ ಬಿಚ್ಚಿ ಹಸಿರು ಕಂತೆಯನ್ನು ಪರದೆಯ ಮೂಗಿಗೆ ಹಿಡಿದಳು. "ಇದು ನಮ್ಮೊಲದ್ದು. ಇದೇನು ಯೋಳು."

ಪರದೆಯವಳು ಕಣ್ಣು ಮಿಟುಕಿಸಿದಳು. "ಕಳೆಗಿಡ ಪತ್ತೆಯಾಗಿದೆ. ಕಳೆನಾಶಕಕ್ಕೆ ಸಹಾಯಧನ ಬೇಕಿದ್ದಲ್ಲಿ ಒಂದನ್ನು ಒತ್ತಿ."

"ನಿನ್ ಬಾಯಿಗೆ ಮಣ್ಣಾಕ! ರಾಗಿ ಕಣೇ ಇದು! ನೀ ತಪ್ ಯೋಳಿದೀಯ ಅಂತ ಬರ್ಕೋ."

"ದೂರು ದಾಖಲಿಸಲು ತಮ್ಮ ಜಮೀನಿನಲ್ಲಿ ಬೆಳೆ ಇರಬೇಕು. ತಮ್ಮ ಜಮೀನಿನಲ್ಲಿ ಬೆಳೆ ಇಲ್ಲ. ಧನ್ಯವಾದಗಳು."

ಪಾರ್ವತಮ್ಮ ತಿರುಗಿ ಕಾವಲಿನವನನ್ನು ಕೇಳಿದಳು. "ಇಲ್ಲಿ ಮನ್ಸರು ಅಂತ ಯಾರೂ ಇಲ್ವಾ?"

"ನಾನಿದೀನಲ್ಲಮ್ಮ" ಅಂದ ಅವನು. ಕಂತೆಯನ್ನು ಮುಟ್ಟಿ ನೋಡಿ, "ರಾಗಿ ಚೆನ್ನಾಗೈತೆ. ಆದ್ರೆ ನಂಗೆ ಅಧಿಕಾರ ಇಲ್ಲ" ಅಂತಲೂ ಸೇರಿಸಿದ. ಆ ಕಟ್ಟಡದಲ್ಲಿ ರಾಗಿಯನ್ನು ರಾಗಿ ಎಂದವನು ಅವನೊಬ್ಬನೇ.

ಅವಳು ಊರಿಗೆ ಬರುವಷ್ಟರಲ್ಲಿ ಮಂಚಯ್ಯ ತನ್ನ ಬುದ್ಧಿ ಉಪಯೋಗಿಸಿಬಿಟ್ಟಿದ್ದ. ಡ್ರೋನು ಇಡೀ ಹೊಲ ನೋಡುವುದಿಲ್ಲ, ನಟ್ಟನಡುವಿನ ಮೂವತ್ತಕ್ಕೆ ನಲವತ್ತು ಅಡಿ, ಒಂದು ಸೈಟಿನಷ್ಟು ಜಾಗ ನೋಡಿ ಹೊಲದ ಹಣೆಬರಹ ಬರೆಯುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಅದು ನಿಜವೂ ಆಗಿತ್ತು. ಮಂಚಯ್ಯ ಅಷ್ಟು ಜಾಗದ ಅವರೆ, ತೊಗರಿ, ಹುಚ್ಚೆಳ್ಳನ್ನೆಲ್ಲ ಕಿತ್ತು ರಾಶಿ ಹಾಕಿ, ಹೆಂಡತಿ ಮೆಚ್ಚುತ್ತಾಳೆ ಎಂದು ಕಾಯುತ್ತಿದ್ದ. ಹೂ ಕಚ್ಚಿದ ಅವರೆಬಳ್ಳಿ ಬಿಸಿಲಲ್ಲಿ ಬಾಡಿ ಬಿದ್ದಿತ್ತು. ಅದನ್ನು ನೋಡಿ ಪಾರ್ವತಮ್ಮ ಬೈಯಲಿಲ್ಲ. ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ಏಳು ಬೇಸಿಗೆ ಕಲ್ಲು ಹೊತ್ತಾಗ ಅಳದವಳು ಅತ್ತದ್ದು ಕಂಡು ಮಂಚಯ್ಯ ಬಾಡಿದ ಬಳ್ಳಿಗೆ ನೀರು ತಂದು ಸುರಿದ.

ಒಂದು ವಾರ ಕಳೆದು ಚಂದ್ರಮೌಳಿ ಬಂದು ಮೊಬೈಲು ಹಿಡಿದು ಮತ್ತೆ ನೋಡಿದ. ಕಿತ್ತ ಸಾಲುಗಳು ಖಾಲಿ ಕಾಣುತ್ತಿದ್ದುದರಿಂದ ಯಂತ್ರ ಈಗ "ಬೆಳೆ ಕಟಾವಾಗಿದೆ, ಜಮೀನು ಖಾಲಿ" ಎಂದಿತು. ಅಲ್ಲಿಗೆ ಅದೂ ಮುಗಿಯಿತು.

ಚಂದ್ರಮೌಳಿ ಕೆಟ್ಟವನಲ್ಲ. ಹೊಳೆನರಸೀಪುರದ ಕಡೆಯ ರೈತನ ಮಗ, ರಾಗಿ ಉಂಡು ಬೆಳೆದವನು. ಆದರೆ ಯಂತ್ರ ಒಂದು ಹೇಳಿ ತಾನೊಂದು ಹೇಳಿದರೆ ಕೆಲಸ ಹೋಗುತ್ತದೆಂಬ ಭಯಕ್ಕೆ, ಕಣ್ಣನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಬರುವುದನ್ನು ರೂಢಿ ಮಾಡಿಕೊಂಡಿದ್ದ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದ. "ನಾನು ಹೇಳ್ದೆ ಅಂತ ಎಲ್ಲೂ ಬಾಯಿಬಿಡಬೇಡಿ. ಕಂಟ್ರಾಕ್ಟರ್ ರಜನೀಶ್ ಅವರ ಎಂಟೆಕರೆ ನೋಡಿದೀರಲ್ಲ, ಬರೀ ಪಾರ್ಥೇನಿಯಂ. ಅದು ಪಾಸಾಗಿದೆ. ನಡುವೆ ರಾಗಿ ಹೊಲದ ಫ್ಲೆಕ್ಸ್ ಹಾಸಿದಾರೆ."

"ಫ್ಲೆಕ್ಸಾ?"

"ಬರ್ತ್‌ಡೇಗೆ ಕಟ್ತಾರಲ್ಲ, ಅದೇ."

ಪಾರ್ವತಮ್ಮನಿಗೆ ನಗಬೇಕೋ ಚಪ್ಪಲಿ ತೆಗೆಯಬೇಕೋ ಗೊತ್ತಾಗಲಿಲ್ಲ. ಆದರೆ ದಿನ ಉಳಿದಿದ್ದವು ಒಂಬತ್ತೇ. ಚನ್ನರಾಯಪಟ್ಟಣಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ನಟರಾಜುವನ್ನು ಹಿಡಿದಳು. ಅವನು ಕೊಪ್ಪಲಿನವನೇ, ಅವನಮ್ಮನ ಹೊಲಕ್ಕೂ ಇವಳೇ ಅಕ್ಕಡಿ ಬಿಟ್ಟವಳು. ಲೀಡರುಗಳ ಹುಟ್ಟುಹಬ್ಬಕ್ಕೆ, ಸತ್ತವರ ಶ್ರದ್ಧಾಂಜಲಿಗೆ, ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಎಲ್ಲಕ್ಕೂ ಅವನದೇ ಫ್ಲೆಕ್ಸು.

"ದುಡ್ಡು ಬ್ಯಾಡ ಬುಡತ್ತೆ" ಅಂದ ನಟರಾಜು. "ಒಂದ್ ಮೂಟೆ ಅವರೆಕಾಯಿ ಕಳ್ಸು ಸಾಕು. ಎಂಥಾ ರಾಗಿ ಬೇಕು ಯೋಳು, ತೆನೆ ಬಂದಿರಾದೋ, ಪೈರೋ?"

"ನಮ್ಮೊಲದಾಗಿರೋ ಅಂಥದ್ದು ಮಾಡ್ಲಾ."

"ಅದಾಗಲ್ಲ ಕಣತ್ತೆ, ನಿಮ್ದು ಫೇಲಾಗಿರೋ ಮಾಲು. ಇಂಟರ್ನೆಟ್ಟಿಂದ ವಳ್ಳೇದು ತಗೀತೀನಿ ಇರು."

ಹೀಗೆ ಯಾವ ದೇಶದ ಯಾವ ಹೊಲದ್ದೋ ರಾಗಿ, ಅದು ರಾಗಿಯೋ ಅಲ್ಲವೋ ಆ ದೇವರಿಗೇ ಗೊತ್ತು, ಮೂವತ್ತಕ್ಕೆ ನಲವತ್ತರ ಅಳತೆಯಲ್ಲಿ ಕೆಂಚನಕೊಪ್ಪಲಿಗೆ ಬಂತು. ಬಿಚ್ಚಿ ನೋಡಿದರೆ ಬಲಗಡೆಯ ಮೂಲೆಯಲ್ಲಿ ನಟರಾಜು ಇದ್ದ. ಕಪ್ಪು ಕನ್ನಡಕ, ಕತ್ತಿನಲ್ಲಿ ಚೈನು, ಮುಗಿದ ಕೈ. ಕೆಳಗೆ "ಶುಭ ಕೋರುವವರು: ನಟರಾಜು ಡಿಜಿಟಲ್ಸ್". ಫ್ಲೆಕ್ಸ್ ಎಂದ ಮೇಲೆ ಶುಭ ಕೋರುವವನ ಮುಖವಿಲ್ಲದಿದ್ದರೆ ಹೇಗೆ? ಹನ್ನೆರಡು ವರ್ಷದ ಅಭ್ಯಾಸ, ಅವನ ಕೈ ತಾನಾಗಿಯೇ ಹಾಕಿಬಿಟ್ಟಿತ್ತು. ಶ್ರದ್ಧಾಂಜಲಿಗೂ ಹಾಕುತ್ತಿದ್ದನಂತೆ.

"ಇವ್ನ್ ಮಕ ನೋಡುದ್ರೆ ಡ್ರೋನು ಎದೆ ವಡ್ಕಂಡು ಸಾಯ್ತದೆ" ಅಂದಳು ಪಾರ್ವತಮ್ಮ. ಬದಲಾಯಿಸಲು ಸಮಯವಿರಲಿಲ್ಲ.

ರಾಗಿಯ ಮೇಲೆ ಹಾಸುವುದಕ್ಕೆ ಅವಳು ಒಪ್ಪಲಿಲ್ಲ. ಬಿಸಿಲಿಗೆ ಬೆಂದು ಹೋಗುತ್ತದೆ. ಬದಲಿಗೆ ಹೊಲದ ನಡುವೆ ಮದುವೆಗೆ ಹಾಕುವಂತೆ ಗಳ ನೆಟ್ಟು ಚಪ್ಪರ ಹಾಕಿಸಿ, ಫ್ಲೆಕ್ಸನ್ನು ಮುಗಿಲಿಗೆ ಮುಖ ಮಾಡಿ ಕಟ್ಟಿಸಿದಳು. ಕೇರಿಯ ಹೆಂಗಸರೆಲ್ಲ ನೋಡಲು ಬಂದು, ನೆರಳು ಚೆನ್ನಾಗಿದೆ ಎಂದು ಅಲ್ಲೇ ಕೂತು ಎಲೆಅಡಿಕೆ ಹಾಕಿದರು. ಕೆಳಗೆ ನಿಜವಾದ ರಾಗಿ ಕತ್ತಲಲ್ಲಿ ನಿಂತಿತ್ತು, ಮೇಲೆ ಸುಳ್ಳು ರಾಗಿ ಬಿಸಿಲು ಕಾಯುತ್ತಿತ್ತು. ಮೂರನೇ ದಿನ ಡ್ರೋನು ಬಂತು. ಒಂದು ನಿಮಿಷ ನಿಂತು ನೋಡಿತು. ಚಂದ್ರಮೌಳಿಯ ಮೊಬೈಲು ಟಿಣ್ ಎಂದಿತು: ಬೆಳೆ, ರಾಗಿ. ಗುಣಮಟ್ಟ, ಅತ್ಯುತ್ತಮ. ಮಾದರಿ ಹೊಲ.

ಮಾದರಿ ಹೊಲವಿದ್ದ ವೃತ್ತದ ಅಧಿಕಾರಿ ಎಂದು ಚಂದ್ರಮೌಳಿಗೆ ಪ್ರಶಂಸಾ ಪತ್ರವೂ ಶಾಲೂ ಸಿಕ್ಕಿತು. ಪಾರ್ವತಮ್ಮನಿಗೆ ಸಿಕ್ಕಿದ್ದು ಅವಳ ಹೊಲ. ಸುಗ್ಗಿ ಮುಗಿದ ಮೇಲೆ ಫ್ಲೆಕ್ಸನ್ನು, ಮುಖದ ಮೂಲೆ ಬಿಟ್ಟು, ಕತ್ತರಿಸಿ ಅರ್ಧ ಕೊಟ್ಟಿಗೆಗೆ ಹೊದಿಸಿದಳು, ಅರ್ಧದ ಮೇಲೆ ಅವರೆ ಒಣಗಿಸಿದಳು. ಉಳಿದ ಮೂಲೆಯ ಮುಖವನ್ನು ಮಂಚಯ್ಯ ಮುಂದಿನ ಬಿತ್ತನೆಯಲ್ಲಿ ಕೋಲಿಗೆ ಕಟ್ಟಿ ಹೊಲದ ನಡುವೆ ನೆಟ್ಟ. ದೃಷ್ಟಿಬೊಂಬೆಗೆ ಮಡಕೆ ತರುವ ಖರ್ಚು ಉಳಿಯಿತು ಎಂದು ಅವನ ಸಂತೋಷ.

ಆ ವರ್ಷ ಭೂಚಕ್ಷುವಿನ ನಿಯಮ ಬಿಗಿಯಾಯಿತು. ಯಂತ್ರ ಈಗ ನುರಿತಿದೆ, ಆದ್ದರಿಂದ ಒಂದೇ ವರ್ಷ ಪಾಳು ಬಿದ್ದರೂ ಸಾಕು ಎಂದರು. ನುರಿತದ್ದು ಹೇಗೆ? ಹಿಂದಿನ ವರ್ಷದ ಮಾದರಿ ಹೊಲ ನೋಡಿಕೊಂಡು ತಾನೇ ಪಾಠ ಕಲಿತಿತ್ತು. ಕೊನೆಯ ಹಾರಾಟಕ್ಕೆ ಮುಂಚಿನ ಹಾರಾಟದಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಎಲ್ಲ ಕಡೆಯ ರಾಗಿ ಹೊಲಗಳು ಸಾಲುಸಾಲಾಗಿ ಪಾಳು ಬಿದ್ದವು. ಅಕ್ಕಡಿ ಇದ್ದದ್ದೂ ಬಿತ್ತು, ಬರೀ ರಾಗಿ ಇದ್ದದ್ದೂ ಬಿತ್ತು, ರಜನೀಶನ ಫ್ಲೆಕ್ಸೂ ಬಿತ್ತು. ಗೆದ್ದದ್ದು ಎರಡೇ. ಒಂದು ಪಾರ್ವತಮ್ಮನದು. ಇನ್ನೊಂದು ನುಗ್ಗೇಹಳ್ಳಿಯ ನಂಜಯ್ಯನ ಖಾಲಿ ಬಯಲು, ಅಲ್ಲಿ ಯಾರದೋ ಹುಟ್ಟುಹಬ್ಬದ ಹರಕು ಫ್ಲೆಕ್ಸು ಗಾಳಿಗೆ ಹಾರಿಬಂದು ನಡುವಿನ ಬೇಲಿಗಿಡಕ್ಕೆ ಸಿಕ್ಕಿಕೊಂಡಿತ್ತು. ಎರಡರಲ್ಲೂ ಇದ್ದದ್ದು ಏನು ಎಂದು ಜನ ತಲೆ ಕೆರೆದುಕೊಂಡು ನೋಡಿದರೆ, ಕಪ್ಪು ಕನ್ನಡಕದ ನಟರಾಜು ಕೈಮುಗಿದು ನಿಂತಿದ್ದ. ನಡುವೆ ಅವನ ಮುಖವಿದ್ದರೆ ಅದು ರಾಗಿ, ಇಲ್ಲದಿದ್ದರೆ ಪಾಳು. ಯಂತ್ರ ಕಲಿತ ಪಾಠ ಅಷ್ಟೇ.

ನಟರಾಜು ಮೆರೆದ, ಏನು ಮೆರೆದ! ಅಂಗಡಿಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ತನ್ನ ಮುಖ ತನ್ನ ಹಕ್ಕು, ಬೇರೆಯವರು ಹಾಕಿದರೆ ಕೇಸು ಎಂದ. ಕದ್ದು ಹಾಕಿದವರ ಕನ್ನಡಕದ ಬಣ್ಣ ಹೊಂದಲಿಲ್ಲವೆಂದು ಯಂತ್ರವೇ ಒಪ್ಪಲಿಲ್ಲ. ಸಂಕ್ರಾಂತಿಯವರೆಗೆ ಅವನ ಮುಖ ಬುಕ್ ಆಗಿಹೋಯಿತು.

ಪಾರ್ವತಮ್ಮನ ಹೊಲದ ಕೊನೆಯ ಹಾರಾಟ ಮುಗಿದು ಅತ್ಯುತ್ತಮ ಎಂದು ಬಂದ ಮಾರನೆಯ ದಿನ, ಚಂದ್ರಮೌಳಿ ಒಬ್ಬನೇ ಬದುವಿನ ಮೇಲೆ ನಡೆದುಕೊಂಡು ಬಂದ. ಪಾರ್ವತಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಹೋದ ವರ್ಷ ನಿಂತ ಜಾಗದಲ್ಲೇ ಬಂದು ನಿಂತುಕೊಂಡ.

"ಪಾರ್ವತಮ್ಮ, ಆ ಮುಖ ಒಂದೆರಡು ದಿನಕ್ಕೆ ಬೇಕಾಗಿತ್ತು."

"ಯಾರ್ ಮಕ ಸಾ?"

"ನಟರಾಜೂದು." ಚಂದ್ರಮೌಳಿ ನೆಲ ನೋಡಿದ. "ನಮ್ಮಪ್ಪನ ಮೂರೆಕರೆ ಪಾಳು ಅಂತ ಬಂದಿದೆ. ನಾಡಿದ್ದು ಕೊನೇ ಹಾರಾಟ. ಎದೆಮಟ್ಟ ರಾಗಿ ಇದೆ ಪಾರ್ವತಮ್ಮ, ನಾನೇ ಕಣ್ಣಾರೆ ನೋಡಿ ಬಂದೆ. ಅಪ್ಪ ಎರಡು ದಿನದಿಂದ ಊಟ ಮಾಡಿಲ್ಲ."

"ಕೊಡ್ಬ್ಯಾಡ ಕಣಮ್ಮಿ" ಅಂದ ಮಂಚಯ್ಯ ಹಿಂದಿನಿಂದ. ಜೀವಮಾನದಲ್ಲಿ ಅವನು ಅಧಿಕಾರಿಯ ಮುಂದೆ ಆಡಿದ ಮೊದಲ ಮಾತು ಅದು.

"ನೀ ಸುಮ್ಕಿರು." ಪಾರ್ವತಮ್ಮ ಮಡಿಲು ಕೊಡವಿ ಎದ್ದಳು. "ಕೊಡ್ತೀನಿ ಸಾ. ನಮ್ದು ಪಾಸಾಯ್ತಲ್ಲ, ನಂಗ್ಯಾಕೆ ಅವ್ನ್ ಮಕ? ಆದ್ರೆ ಮೊಬೈಲ್ ಜೋಬಿಗಾಕಂಡು, ನೀವು ನಿಂತಿರೋ ಜಾಗ್ದಾಗೆ ಏನೇನೈತೆ ಯೋಳಿ."

ಚಂದ್ರಮೌಳಿ ಮೊಬೈಲನ್ನು ಜೇಬಿಗೆ ಹಾಕಿದ. ಸುತ್ತ ನೋಡಿದ. "ರಾಗಿ" ಅಂದ. "ಅವರೆ. ತೊಗರಿ. ಇದು ಹುಚ್ಚೆಳ್ಳು. ಜೋಳ. ಅಲ್ಲಿ ಹರಳು."

"ಅಲಸಂದೆ ಬುಟ್ರಿ."

"ಹೌದು. ಅಲಸಂದೆ."

"ಓದ್ ವರ್ಸಾನೂ ಇವೆಲ್ಲ ಇಲ್ಲೇ ಇದ್ವು. ನಿಮ್ ಕಣ್ಣೂ ನಿಮ್ ಮಕದಾಗೇ ಇದ್ವು." ಪಾರ್ವತಮ್ಮ ಒಂದು ರಾಗಿ ತೆನೆ ಬಗ್ಗಿಸಿ ಅವನ ಮುಖದ ಮುಂದೆ ಹಿಡಿದಳು. "ಅವತ್ತು ಒಂದ್ ಮಾತು ಇಂಗೇ ಯೋಳಕೆ ಏನಾಗಿತ್ತು ಸಾ?"

ಚಂದ್ರಮೌಳಿ ಅಂಗಿಯ ತೋಳಿಗೆ ಅಂಟಿದ ಹುಚ್ಚೆಳ್ಳಿನ ಎಸಳು ಕೊಡವಿಕೊಂಡ. ಅವಳು ಅದನ್ನು ನೋಡಿದಳು. ಆಮೇಲೆ ಹೋಗಿ ಕೋಲಿನಿಂದ ಮುಖವನ್ನು ಬಿಚ್ಚಿ, ಮಣ್ಣು ಒರೆಸಿ, ಸುರುಳಿ ಸುತ್ತಿ ಅವನ ಕೈಗೆ ಕೊಟ್ಟಳು. "ಅಪ್ಪಾರ್ಗೆ ಊಟ ಮಾಡಕ್ ಯೋಳಿ" ಅಂದಳು.

ಅವನು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹಾಕಿರಬೇಕು, ಅಭ್ಯಾಸಬಲದಿಂದ ಮೊಬೈಲು ತೆಗೆದು ಹೊಲಕ್ಕೆ ಹಿಡಿದ. ಅದು ಟಿಣ್ ಎಂದಿತು. ಮುಖ ಬಿಚ್ಚಿದ ಹೊಲದ ನಡುವೆ ನಿಂತವನಿಗೆ ಯಂತ್ರ ಹೇಳುತ್ತಿತ್ತು: ಇಲ್ಲಿ ಬೆಳೆ ಇಲ್ಲ, ಪಾಳು. ಚಂದ್ರಮೌಳಿ ಅದನ್ನು ಓದಿದ, ಸೊಂಟದ ಸುತ್ತ ಒತ್ತಿ ನಿಂತಿದ್ದ ರಾಗಿಯನ್ನು ನೋಡಿದ. ಈ ಸಲ ಅದನ್ನು ಪಾರ್ವತಮ್ಮನಿಗೆ ಓದಿ ಹೇಳದೆ, ಮೊಬೈಲನ್ನು ಜೇಬಿಗೆ ಹಾಕಿ ಬದು ಹತ್ತಿದ.